ಬಿಳಿ ಎಲೆಯ ಬೆಲೆ

2021ರ ಜೂನ್ ತಿಂಗಳ ಒಂದು ಮಧ್ಯಾಹ್ನ ಕೇರಳದಿಂದ ನನಗೊಂದು ಕೊರಿಯರ್ ಬಂತು. ಚಪ್ಪಲಿ ಡಬ್ಬದಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ. ಬಿಚ್ಚಿದರೆ ಒಳಗೆ ಪೇಪರ್ ಚೂರು, ಅದರೊಳಗೆ ಒದ್ದೆ ಪಾಚಿ, ಪಾಚಿಯೊಳಗೆ ಹೆಬ್ಬೆರಳುದ್ದದ ಒಂದು ಕಾಂಡದ ತುಂಡು. ಒಂದು ಗೆಣ್ಣು, ಒಂದು ಗಾಳಿಬೇರು, ಒಂದೇ ಒಂದು ಎಲೆ. ಎಲೆಯ ನಡುನರದ ಈಚೆಗೆ ಕಡು ಹಸಿರು, ಆಚೆಗೆ ಹಾಲು ಬಿಳುಪು. ಎರಡು ಬೇರೆ ಬೇರೆ ಎಲೆಗಳನ್ನು ಅರ್ಧರ್ಧ ಕತ್ತರಿಸಿ ಅಂಟಿಸಿದ ಹಾಗೆ ಇತ್ತು. ಅದಕ್ಕೆ ನಾನು ಕೊಟ್ಟದ್ದು 12,000 ರೂಪಾಯಿ. ಮನೆಯಲ್ಲಿ ಹೇಳಿದ್ದು 1,200. ಒಂದು ಸೊನ್ನೆಯನ್ನು ನುಂಗಿಕೊಂಡೆ. 1,200ಕ್ಕೇ ನನ್ನ ಗಂಡ ಕನ್ನಡಕ ತೆಗೆದು ನನ್ನನ್ನೊಮ್ಮೆ, ಎಲೆಯನ್ನೊಮ್ಮೆ ನೋಡಿದರು.

ಗಿಡದ ಹೆಸರು ಮಾನ್‌ಸ್ಟೆರಾ. ಇದರ ಹಸಿರು ಜಾತಿಯನ್ನು ನೀವು ನೋಡಿಯೇ ಇರುತ್ತೀರಿ. ಬೆಂಗಳೂರಿನ ಹಳೆಯ ಮನೆಗಳ ಕಾಂಪೌಂಡಿನಲ್ಲಿ, ಹೋಟೆಲುಗಳ ಮೂಲೆಯಲ್ಲಿ, ಮೊರದಗಲ ಎಲೆಯಲ್ಲಿ ತೂತು ತೂತು ಮಾಡಿಕೊಂಡು ನಿಂತಿರುತ್ತದೆ. ಮೂಲ ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಕಾಡು. ಡೆನ್ಮಾರ್ಕಿನ ಸಸ್ಯಶಾಸ್ತ್ರಜ್ಞ ಲೀಬ್‌ಮನ್ 1849ರಲ್ಲಿ ಇದಕ್ಕೆ ಮಾನ್‌ಸ್ಟೆರಾ ಡೆಲಿಸಿಯೋಸಾ ಎಂದು ಹೆಸರಿಟ್ಟ. ಚೆನ್ನಾಗಿ ಮಾಗಿದ ಇದರ ಹಣ್ಣನ್ನು ತಿನ್ನಬಹುದು, ಆ ರುಚಿಗೇ ಆ ಹೆಸರು. ಕುಲ ಹುಡುಕಿದರೆ ನಮ್ಮ ಕೆಸು, ಸುವರ್ಣಗೆಡ್ಡೆ, ಮನಿಪ್ಲಾಂಟುಗಳ ಬಳಗವೇ. ನನಗೆ ಬಂದದ್ದು ಅದರ ಬಿಳಿ ಮಚ್ಚೆಯ ತಳಿ, ಗಿಡದ ಹುಚ್ಚಿನವರ ಬಾಯಲ್ಲಿ ಬರೀ 'ಆಲ್ಬೋ'.

ಅದು ಲಾಕ್‌ಡೌನಿನ ಕಾಲ. ಮನೆಯೊಳಗೇ ಕೂತ ಜಗತ್ತಿನ ಜನಕ್ಕೆ ಗಿಡದ ಹುಚ್ಚು ಹಿಡಿದಿತ್ತು. ಅದೇ ಜೂನಿನಲ್ಲಿ ನ್ಯೂಜಿಲೆಂಡಿನ ಆನ್‌ಲೈನ್ ಹರಾಜೊಂದರಲ್ಲಿ ಮಾನ್‌ಸ್ಟೆರಾದ ದಾಯಾದಿಯಂಥ ಇನ್ನೊಂದು ಬಳ್ಳಿ, ಹತ್ತು ಎಲೆಯೂ ಇಲ್ಲದ ಬಿಳಿ ಮಚ್ಚೆಯ ರಾಫಿಡೊಫೋರಾ, 19,297 ಡಾಲರಿಗೆ ಹೋಯಿತು. ಆ ಸುದ್ದಿ ಓದಿದ ದಿನ ನನ್ನ 12,000 ನನಗೇ ಉಳಿತಾಯದಂತೆ ಕಂಡಿತು.

ಬಿಳುಪಿಗೆ ಇಷ್ಟು ಬೆಲೆ ಯಾಕೆ ಎಂದು ತಿಳಿಯಲು ನಾನು ಹೈಸ್ಕೂಲಿನ ಜೀವಶಾಸ್ತ್ರಕ್ಕೆ ಮರಳಬೇಕಾಯಿತು. ಬಳ್ಳಿಯ ಸುಳಿಯಲ್ಲಿ ಕೆಲವೇ ಜೀವಕೋಶಗಳು ಒಡೆದೊಡೆದು ಇಡೀ ಗಿಡವನ್ನು ಕಟ್ಟುತ್ತವೆ. ಯಾವಾಗಲೋ ಅದರಲ್ಲೊಂದು ಕೋಶಕ್ಕೆ ಪತ್ರಹರಿತ್ತು ಮಾಡುವ ವಿದ್ಯೆ ತಪ್ಪಿಹೋಗುತ್ತದೆ. ಅದರ ಮಕ್ಕಳು, ಮೊಮ್ಮಕ್ಕಳೆಲ್ಲ ಬಿಳಿ. ಪಕ್ಕದ ಕೋಶದ ಸಂತಾನ ಮಾತ್ರ ಹಸಿರಾಗಿಯೇ ಇರುತ್ತದೆ. ಹೀಗೆ ಒಂದೇ ಗಿಡದೊಳಗೆ ಎರಡು ವಂಶಗಳು ಒಟ್ಟಿಗೆ ಸಂಸಾರ ಮಾಡುತ್ತವೆ. ಇಂಥ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಕೈಮೀರಾ ಎನ್ನುತ್ತಾರೆ. ಸಿಂಹ, ಆಡು, ಹಾವು ಒಂದೇ ಮೈಯಲ್ಲಿ ಸೇರಿದ ಗ್ರೀಕ್ ಪುರಾಣದ ಪ್ರಾಣಿಯ ಹೆಸರು ಅದು. ಬಿಳಿ ಅಂಚಿನ ಜೆರೇನಿಯಂ ಎಲೆಗಳ ಒಳಗುಟ್ಟು ಹೀಗೆಯೇ ಎಂದು ಜರ್ಮನಿಯ ಎರ್ವಿನ್ ಬೌರ್ ವಿವರಿಸಿದ್ದು 1909ರಲ್ಲಿ.

ಆಲ್ಬೋ ಗಿಡದ ಈ ಸಂಸಾರಕ್ಕೆ ಸ್ಥಿರತೆ ಇಲ್ಲ. ಬೀಜ ಹಾಕಿದರೆ ಈ ಗುಣ ಬರುತ್ತದೆಂದು ನಂಬುವ ಹಾಗಿಲ್ಲ. ಗೆಣ್ಣು ಕತ್ತರಿಸಿಯೇ ಬೆಳೆಸಬೇಕು. ಕಾಂಡದ ಮೇಲೆ ಬಿಳಿ ಗೆರೆ, ಹಸಿರು ಗೆರೆ ಅಕ್ಕಪಕ್ಕ ಓಡುತ್ತವೆ. ಮೊಗ್ಗು ಎರಡರ ಗಡಿಯ ಮೇಲೆ ಕೂತಿದ್ದರೆ ಅರ್ಧ ಚಂದ್ರನಂಥ ಎಲೆ. ಹಸಿರು ಗೆರೆಯಲ್ಲೇ ಕೂತಿದ್ದರೆ ಪೂರ್ತಿ ಹಸಿರು. ಬಿಳಿಯಲ್ಲೇ ಕೂತಿದ್ದರೆ ಪೂರ್ತಿ ಬಿಳಿ. ಪೂರ್ತಿ ಬಿಳಿ ಎಲೆಯನ್ನು ಬೆಳೆಸುವವರು ಪ್ರೀತಿಯಿಂದ 'ಭೂತ' ಎಂದು ಕರೆಯುತ್ತಾರೆ.

ತೆಂಗಿನ ನಾರಿನ ಪುಡಿ, ಇದ್ದಿಲ ಚೂರು, ಒಂದಿಷ್ಟು ಎರೆಗೊಬ್ಬರ ಬೆರೆಸಿ, ಪೂರ್ವದ ಕಿಟಕಿಯ ಬಳಿ ಕುಂಡ ಇಟ್ಟೆ. ಪಾಚಿ ತುಂಬಿದ ಕೋಲು ನೆಟ್ಟೆ. ಆಗಸ್ಟಿನಲ್ಲಿ ಮೊದಲ ಸುರುಳಿ ಬಿಚ್ಚಿತು: ಹಸಿರಿನ ಮೇಲೆ ಸುಣ್ಣ ಚಿಮುಕಿಸಿದಂಥ ಎಲೆ. ಕಚೇರಿಯ ಮೀಟಿಂಗಿನ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಎರಡನೆಯದರಲ್ಲಿ ಬಿಳಿ ಕಡಿಮೆಯಾಯಿತು. ಮೂರನೆಯದು ಹಸಿರೋ ಹಸಿರು, ಅಂಚಿನಲ್ಲಿ ಉಗುರಿನಷ್ಟು ಬಿಳಿ. ನನಗೆ ಮೋಸ ಹೋದಂತಾಯಿತು. ಗಿಡ ಆರೋಗ್ಯವಾಗಿತ್ತು, ದಪ್ಪಗಾಗುತ್ತಿತ್ತು, ಎಲೆಯಲ್ಲಿ ತೂತು ಬೀಳತೊಡಗಿತ್ತು. ನಾನು ದುಡ್ಡು ಕೊಟ್ಟದ್ದು ಆರೋಗ್ಯಕ್ಕಲ್ಲವಲ್ಲ.

ಅದಕ್ಕೆ ಚಾಕು ತೆಗೆದುಕೊಂಡೆ. ಹಸಿರಾದ ತುದಿಯನ್ನು ಕತ್ತರಿಸಿ ಪಕ್ಕದ ಫ್ಲಾಟಿನವರಿಗೆ ಕೊಟ್ಟೆ. ಕೆಳಗೆ ಬಿಳಿ ಗೆರೆ ದಪ್ಪಗಿದ್ದ ಗೆಣ್ಣನ್ನು ಉಳಿಸಿಕೊಂಡೆ. ಅಲ್ಲಿಂದ ಬಂದ ಹೊಸ ಕುಡಿ ನನ್ನ ಆಸೆಯನ್ನು ತೀರಿಸಿತು. ಮೊದಲ ಎಲೆ ಅರ್ಧ ಬಿಳಿ, ಮುಂದಿನದು ಮುಕ್ಕಾಲು ಬಿಳಿ, ಅದರ ನಂತರದ್ದು ಪೂರ್ತಿ ಬಿಳಿ, ಮತ್ತೊಂದೂ ಪೂರ್ತಿ ಬಿಳಿ. ಸಂಜೆಯ ಬೆಳಕಿನಲ್ಲಿ ಆ ಎರಡು ಭೂತಗಳು ಒಳಗಿನಿಂದಲೇ ಹೊಳೆಯುತ್ತಿವೆ ಅನಿಸುತ್ತಿತ್ತು. ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದೆ. ಪರಿಚಯದವರೊಬ್ಬರು, ಕೊಡುವುದಿದ್ದರೆ ಮೊದಲು ನಮಗೆ ಹೇಳಿ ಎಂದರು.

2023ರ ಫೆಬ್ರವರಿಯಲ್ಲಿ ಸಣ್ಣತ್ತೆ ಬೆಂಗಳೂರಿಗೆ ಬಂದಳು.

ಸಣ್ಣತ್ತೆ ನನ್ನ ಅಪ್ಪನ ತಂಗಿ. ಕೊಪ್ಪದ ಹತ್ತಿರ ನಮ್ಮ ಹಳ್ಳಿಮನೆಯಲ್ಲೇ ಹುಟ್ಟಿ ಅಲ್ಲೇ ಅರವತ್ತೇಳು ವರ್ಷ ಕಳೆದವಳು. ಮದುವೆಯಾಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಒಂದು ಕಣ್ಣಿನ ಆಪರೇಷನ್ ಇಲ್ಲೇ ಮಾಡಿಸೋಣ ಎಂದು ನಾನೇ ಹಟ ಮಾಡಿ ಕರೆಸಿಕೊಂಡಿದ್ದೆ. ಬಂದ ದಿನ ಸಂಜೆ ಕಾಫಿ ಕುಡಿಯುತ್ತಾ ಕಿಟಕಿಯ ಹತ್ತಿರ ಹೋದಳು. ಮಂಜು ಕವಿದ ಕಣ್ಣನ್ನು ಎಲೆಗೆ ಹತ್ತಿರ ತಂದು ನೋಡಿದಳು. ಬೆರಳಲ್ಲಿ ಮುಟ್ಟಿದಳು. ಆಮೇಲೆ ತಿರುಗಿ, "ಎಂಥದೇ ಕೂಸೇ, ಈ ಎಲೆಗೆ ತೊನ್ನು ಹತ್ತಿದೆಯಲ್ಲ?" ಅಂದಳು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನನ್ನ ಇಡೀ ಬಾಲ್ಯದಲ್ಲಿ ಆ ಮನೆಯಲ್ಲಿ ಯಾರೂ ಆಡದಿದ್ದ ಮಾತು ಅದು. ಅತ್ತೆಗೆ ಹತ್ತೊಂಬತ್ತು ವರ್ಷವಾಗಿದ್ದಾಗ ತುಟಿಯ ಬದಿಯಲ್ಲಿ ಹೆಸರುಕಾಳಿನಷ್ಟು ಬಿಳಿ ಕಲೆ ಕಾಣಿಸಿತಂತೆ. ಆಮೇಲೆ ಬೆರಳ ಗೆಣ್ಣುಗಳ ಮೇಲೆ, ಮೊಣಕೈಗೆ, ರೆಪ್ಪೆಗೆ. ನಾನು ಬುದ್ಧಿ ತಿಳಿಯುವ ಹೊತ್ತಿಗೆ ಮುಂಗೈಯೆಲ್ಲ ಬಿಳಿಯಾಗಿತ್ತು. ದೊಡ್ಡವರು ಅದನ್ನು "ಅವಳ ಆ ವಿಷಯ" ಎನ್ನುತ್ತಿದ್ದರು. ನಮಗೂ ಅದೇ ರೂಢಿಯಾಯಿತು. ಹೆಸರಿಲ್ಲದ ವಿಷಯದ ಬಗ್ಗೆ ಪ್ರಶ್ನೆ ಕೇಳಲು ಬರುವುದಿಲ್ಲ.

ನಮ್ಮ ಕಡೆ ಎಲೆ ಬಣ್ಣ ಕಳೆದುಕೊಳ್ಳುವುದೆಂದರೆ ಭಯ. ಅಡಿಕೆಗೆ ಹಳದಿ ಎಲೆ ರೋಗ ಬಂದು ತೋಟಕ್ಕೆ ತೋಟವೇ ಬರಿದಾದದ್ದನ್ನು ಕೊಪ್ಪ, ಶೃಂಗೇರಿಯ ಮನೆಗಳು ಕಂಡಿವೆ. ಬೆಂಡೆಯ ಎಲೆ ಬಲೆಬಲೆಯಾಗಿ ಹಳದಿಗಟ್ಟಿದರೆ ಕಿತ್ತು ಸುಡುತ್ತಾರೆ. ಅಂಥ ಕಡೆಯಿಂದ ಬಂದವಳಿಗೆ ನಾನು ಕುಂಡದಲ್ಲಿ ಜೋಪಾನ ಮಾಡಿದ್ದು ಏನು ಎಂದು ವಿವರಿಸಬೇಕಿತ್ತು.

"ರೋಗ ಅಲ್ಲ ಅತ್ತೆ, ಅದು ಹಾಗೇ. ಅಪರೂಪದ್ದು. ಈ ಬಿಳಿಗೇ ದುಡ್ಡು."

"ಎಷ್ಟು?"

"ಸಾವಿರದ ಇನ್ನೂರು," ಎಂದೆ, ಅಭ್ಯಾಸಬಲದಿಂದ. ಅವಳು ಏನೂ ಹೇಳದೆ ನನ್ನ ಮುಖವನ್ನೇ ನೋಡಿದಳು. ಪೊರೆ ಬಂದ ಕಣ್ಣಿಗೂ ಸುಳ್ಳು ಕಾಣುತ್ತದೆ. "ಹನ್ನೆರಡು ಸಾವಿರ," ಎಂದೆ.

ಅತ್ತೆ ನಕ್ಕಳು. ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕೂತಳು. "ಒಳ್ಳೆ ಕಾಲ ಬಂತು ಮಾರಾಯ್ತಿ! ನನ್ನ ಕಾಲದಲ್ಲಿ ಬಿಳಿ ಕಲೆಗೆ ನಾವೇ ದುಡ್ಡು ಕೊಡಬೇಕಿತ್ತು. ಅದೂ ಇದರ ಎರಡು ಪಟ್ಟು ಕೊಡ್ತೇವೆ ಅಂದ್ರೂ ಗಂಡಿನವರು ಒಪ್ಪಲಿಲ್ಲ."

ಆ ನಗುವಿನ ಜೊತೆ ನಾನೂ ನಗಲು ನೋಡಿದೆ. ಆಗಲಿಲ್ಲ.

ಆಪರೇಷನ್ನಿಗೆ ಇನ್ನೂ ನಾಲ್ಕು ದಿನವಿತ್ತು. ಆ ದಿನಗಳಲ್ಲಿ ಅತ್ತೆ ತನ್ನ ಕತೆಯನ್ನು ಯಾರದೋ ಕತೆಯ ಹಾಗೆ ಹೇಳಿದಳು. ನಿಶ್ಚಯವಾಗಿದ್ದ ಸಂಬಂಧ ಬಿಟ್ಟುಹೋದ ಮೇಲೆ ಅಜ್ಜ ಯಾರೋ ಹೇಳಿದರೆಂದು ಬಾವಂಚಿ ಬೀಜ ತರಿಸಿದರಂತೆ. ಬಾಕುಚಿ ಎಂದು ಆಯುರ್ವೇದದಲ್ಲಿ ಹೆಸರಿರುವ ಬೀಜ. ಅರೆದು ಕಲೆಯ ಮೇಲೆ ಹಚ್ಚಿ ಅಂಗಳದ ಬಿಸಿಲಿನಲ್ಲಿ ಕೂರಿಸುತ್ತಿದ್ದರು. "ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಚರ್ಮ ಏಳ್ತಿತ್ತು. ಬೊಬ್ಬೆ ಒಡೆದು ನೀರು ಇಳೀತಿತ್ತು. ಅಮ್ಮ ಬಂದು ಒಳಗೆ ಕರ್ಕೊಂಡು ಹೋಗೋಳು. ಅಪ್ಪಯ್ಯ ಮತ್ತೆ ಕೂರಿಸೋರು." ಆ ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವಿದೆ. ಅದು ಬೆಳಕಿನೊಡನೆ ಸೇರಿದಾಗ ಚರ್ಮದ ಮೇಲೆ ಕೆಲಸ ಮಾಡುತ್ತದೆ. ಇವತ್ತಿನ ಚರ್ಮವೈದ್ಯರು ಸೊರಾಲೆನ್ನಿನ ಜೊತೆ ಅಳತೆಯ ಬೆಳಕು ಕೊಡುವ ಚಿಕಿತ್ಸೆಯನ್ನು ಇದೇ ತಿಳಿವಳಿಕೆಯ ಮೇಲೆ ಮಾಡುತ್ತಾರೆ. ನಮ್ಮ ಅಂಗಳದಲ್ಲಿ ಅಳತೆ ಇರಲಿಲ್ಲ. ಬಿಸಿಲು ಮಾತ್ರ ಇತ್ತು.

ಗಿಡದ ವಿಷಯದಲ್ಲಿ ನಾನೂ ಅದನ್ನೇ ಮಾಡಿದ್ದೆ. ಬೆಳಕು ಹೆಚ್ಚಾದರೆ ಬಿಳುಪು ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಜನವರಿಯಲ್ಲಿ ಕುಂಡವನ್ನು ಬಾಲ್ಕನಿಯ ಅಂಚಿಗೆ ಎಳೆದಿದ್ದೆ. ಎಲೆ ಎಷ್ಟು ಬಿಳಿ ಎಂಬುದನ್ನು ಸುಳಿಯ ಕೋಶಗಳು ನಿರ್ಧರಿಸುತ್ತವೆ, ಕಿಟಕಿಯಲ್ಲ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮೊದಲ ಭೂತದ ಅಂಚು ಸುಟ್ಟ ಕಾಗದದಂತೆ ಕಂದುಗಟ್ಟಿತ್ತು. ಹಿಂದಕ್ಕೆ ಎಳೆದಿಟ್ಟೆ. ಕಂದು ನಿಲ್ಲಲಿಲ್ಲ. ಹೊಸ ಕುಡಿ ಇಲ್ಲ. ಕೇರಳದಿಂದ ಬಂದಿದ್ದ ಆ ಮೊದಲ ಎಲೆ, ಇಡೀ ಗಿಡಕ್ಕೆ ತಾಯಿಯಂತಿದ್ದದ್ದು, ತೊಟ್ಟಿನಿಂದ ಹಳದಿಯಾಗತೊಡಗಿತು.

ಅತ್ತೆ ಅದನ್ನು ಕಣ್ಣಿನಿಂದಲ್ಲ, ಬೆರಳಿನಿಂದ ಪರೀಕ್ಷೆ ಮಾಡಿದಳು. ಕಾಂಡವನ್ನು ಬುಡದಿಂದ ತುದಿಯವರೆಗೆ ಸವರಿದಳು. ನಮ್ಮ ಮನೆಯ ಕಾಳುಮೆಣಸು ಪೂರ್ತಿ ಅವಳದೇ ಯಜಮಾನಿಕೆ. ಯಾವ ಬಳ್ಳಿಯ ನೆಲ ಹಬ್ಬುವ ಕುಡಿಯನ್ನು ಸುತ್ತಿಡಬೇಕು, ಎಷ್ಟು ಗೆಣ್ಣು ಬಿಟ್ಟು ಕತ್ತರಿಸಬೇಕು, ಮೊದಲ ಮಳೆಗೆ ಯಾವ ಅಡಿಕೆ ಮರದ ಬುಡಕ್ಕೆ ಊರಬೇಕು ಎಲ್ಲ ಅವಳ ಲೆಕ್ಕ. ನನ್ನ ಕಾಲೇಜಿನ ಫೀಸು, ಹಾಸ್ಟೆಲ್ಲಿನ ಖರ್ಚು ಬಂದದ್ದು ಆ ಮೆಣಸಿನಿಂದ. ಅದೂ ಮನೆಯಲ್ಲಿ ಯಾರೂ ಆಡದ ಇನ್ನೊಂದು ವಿಷಯ.

"ಇದೂ ಮೆಣಸಿನ ಬಳ್ಳಿ ಹಾಗೇ, ಗೆಣ್ಣಿಗೆ ಬೇರು. ಸರಿ. ಈ ಬಿಳಿ ಎಲೆ ಅಡುಗೆ ಮಾಡ್ತದಾ?"

ದ್ಯುತಿಸಂಶ್ಲೇಷಣೆ ಎಂಬ ಪದ ಅವಳಿಗೆ ಬೇಕಿರಲಿಲ್ಲ. ಎಲೆಯ ಹಸಿರೇ ಗಿಡದ ಅಡುಗೆಮನೆ ಎಂದು ತೋಟ ಮಾಡುವವರಿಗೆ ಗೊತ್ತು. "ಇಲ್ಲ ಅತ್ತೆ. ಹಸಿರು ಭಾಗ ಮಾಡಿದ್ದನ್ನು ಇದು ಉಣ್ತದೆ."

"ಉಣ್ಣೋರು ಎರಡೂವರೆ, ಮಾಡೋರು ಒಂದು. ಒಲೆ ಮುಂದೆ ಇದ್ದೋಳು ಈಗ ಹಾಸಿಗೆ ಹಿಡಿದಿದಾಳೆ," ಎಂದು ಹಳದಿಯಾಗುತ್ತಿದ್ದ ಎಲೆಯನ್ನು ತಟ್ಟಿದಳು. "ಬಿಳಿ ಎರಡನ್ನೂ ತೆಗಿ. ಅರ್ಧ ಬಿಳಿ ಇದ್ಯಲ್ಲ, ಅದರ ಮೇಲಕ್ಕೆ ಕತ್ತರಿಸು."

ನನಗೆ ಮನಸ್ಸು ಬರಲಿಲ್ಲ. ಆ ಎರಡು ಎಲೆಗೇ ನಾನು ಒಂದೂವರೆ ವರ್ಷ ಕಾದಿದ್ದೆ. "ನೋಡೋಣ, ಆಪರೇಷನ್ ಆಗಲಿ," ಎಂದೆ.

ಪಕ್ಕದ ಫ್ಲಾಟಿನ ಬಾಲ್ಕನಿಯಲ್ಲಿ ಒಂದು ಮಾನ್‌ಸ್ಟೆರಾ ಗೋಡೆ ಹತ್ತಿ ಹಬ್ಬಿತ್ತು. ಒಂದೊಂದು ಎಲೆಯೂ ಊಟದ ತಟ್ಟೆಗಿಂತ ದೊಡ್ಡದು, ತೂತು, ಸೀಳು ಎಲ್ಲ ಮೂಡಿತ್ತು. ಅತ್ತೆ ಅದನ್ನು ದೂರದಿಂದ ಮಸುಕಾಗಿ ಕಂಡು, "ಅದೂ ಇದೇ ಜಾತಿ ಅಲ್ಲನೇ?" ಎಂದಳು. ನಾನು ಕತ್ತರಿಸಿ ಕೊಟ್ಟ ಹಸಿರು ತುದಿಯೇ ಅದು ಎಂದು ಹೇಳಬೇಕಾಯಿತು. ಅವಳು ಏನೂ ಅನ್ನಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಬಗ್ಗಬಾರದು, ಭಾರ ಎತ್ತಬಾರದು. ಮನೆಗೆ ಬಂದವಳು ಬಚ್ಚಲಿನ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಎಷ್ಟೋ ವರ್ಷಗಳ ನಂತರ ತನ್ನ ಮುಖವನ್ನು ಸ್ಪಷ್ಟವಾಗಿ ಕಂಡಿದ್ದಳು. ಹೊರಗೆ ಬಂದು, "ಮುಖದ ಮೇಲೆ ಉಳಿದದ್ದೇ ಸ್ವಲ್ಪ ಕಪ್ಪು. ಅದೂ ಹೋದ್ರೆ ಒಂದೇ ಬಣ್ಣ ಆಗ್ತೇನೆ," ಎಂದಳು. ಅದರಲ್ಲಿ ದುಃಖ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ರೂಢಿ ಇರಲಿಲ್ಲವಲ್ಲ.

ಆ ರಾತ್ರಿ ನಾನು 2001ರ ವಿಷಯ ಎತ್ತಿದೆ.

ಅದು ನನ್ನನ್ನು ನೋಡಲು ಗಂಡಿನವರು ಬಂದ ದಿನ. ಬೆಳಿಗ್ಗೆ ಐದಕ್ಕೇ ಎದ್ದು ಕೇಸರಿಬಾತು, ಅಂಬೊಡೆ, ಅವಲಕ್ಕಿ ಎಲ್ಲ ಮಾಡಿಟ್ಟವಳು ಸಣ್ಣತ್ತೆ. ಕಾರಿನ ಸದ್ದು ಕೇಳಿದ ಕೂಡಲೇ ಅಮ್ಮ ಅಡುಗೆಮನೆಗೆ ಹೋಗಿ ಏನೋ ಹೇಳಿದಳು. ಅತ್ತೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಹಿತ್ತಿಲ ಬಾಗಿಲಿನಿಂದ ಕೊಟ್ಟಿಗೆಯ ಕಡೆಗೆ ನಡೆದಳು. ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಕೋಣೆಯ ಕಿಟಕಿಯಿಂದ ನೋಡಿದೆ. ಬಂದವರು ಮೂರು ಗಂಟೆ ಇದ್ದರು. ತಿಂಡಿ ಯಾರು ಮಾಡಿದ್ದು, ಬಹಳ ಚೆನ್ನಾಗಿದೆ ಎಂದರು. "ನಮ್ಮ ಹುಡುಗಿಯೇ," ಎಂದಳು ಅಮ್ಮ. ನಾನು ತಲೆ ತಗ್ಗಿಸಿದೆ. ಅದನ್ನು ನಾಚಿಕೆ ಎಂದುಕೊಂಡರು. ಆ ಸಂಬಂಧವೇ ಕೂಡಿತು. ಅತ್ತೆ ಇದ್ದದ್ದು ನನ್ನ ಗಂಡನಿಗೆ ಗೊತ್ತಾದದ್ದು ಮದುವೆಯ ಚಪ್ಪರದಲ್ಲಿ. ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂದರೆ ಆವತ್ತಿನ ಆ ಮೂರು ಗಂಟೆಗಳು ಯಾವ ಉಪಯೋಗಕ್ಕೂ ಬಂದಿರಲಿಲ್ಲ.

"ಅತ್ತೆ, ಆವತ್ತು ನಾನು ಒಂದು ಮಾತು ಹೇಳಬೇಕಿತ್ತು," ಎಂದೆ.

ಅವಳು ಕಪ್ಪು ಕನ್ನಡಕ ಹಾಕಿಕೊಂಡು ದಿಂಬಿಗೆ ಒರಗಿದ್ದಳು. ಕಣ್ಣು ಕಾಣುತ್ತಿರಲಿಲ್ಲ. "ಹೇಳಿದ್ರೆ ನಿನ್ನಮ್ಮ ಕೇಳ್ತಿದ್ಳಾ? ನೀನಾಗ ಇಪ್ಪತ್ತೆರಡರ ಹುಡುಗಿ. ಅದು ಬಿಡು." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರು ಹೋದ ಮೇಲೂ ನನ್ನನ್ನು ಯಾರೂ ಕರೀಲಿಲ್ಲ ಕೂಸೇ. ಎಲ್ಲರೂ ಖುಷಿಯಲ್ಲಿದ್ರಿ. ಸಂಜೆ ಹಾಲು ಕರೆಯೋ ಹೊತ್ತಾಗಿತ್ತು, ಕರೆದುಕೊಂಡೇ ಒಳಗೆ ಬಂದೆ. ಪಾತ್ರೆಲಿ ಏನೂ ಉಳಿದಿರಲಿಲ್ಲ. ನೀನು ಒಂದು ಸಲ ಹಿಂದೆ ಬಂದು, ಅತ್ತೆ ಊಟ ಆಯ್ತಾ ಅಂತ ಕೇಳಿದ್ರೆ ಸಾಕಿತ್ತು."

ನಾನು ಕ್ಷಮೆ ಕೇಳಲು ಸಿದ್ಧಳಾಗಿ ಕೂತಿದ್ದೆ. ಸಮಾಜ, ಸಂಪ್ರದಾಯ, ಆ ಕಾಲ ಎಂದೆಲ್ಲ ಮಾತು ಜೋಡಿಸಿಕೊಂಡಿದ್ದೆ. ಅವಳ ಲೆಕ್ಕದಲ್ಲಿ ನಾನು ಬಾಕಿ ಇಟ್ಟಿದ್ದದ್ದು ಒಂದು ಪ್ರಶ್ನೆ, ಒಂದು ತಟ್ಟೆ ಅವಲಕ್ಕಿ. ಅಷ್ಟು ಸಣ್ಣದನ್ನು ಕೊಡದೆ ಉಳಿದದ್ದು ದೊಡ್ಡದಕ್ಕಿಂತ ಹೆಚ್ಚು ಚುಚ್ಚಿತು.

ನಿದ್ದೆ ಬರಲಿಲ್ಲ. ಹೊರಗೆ ಬಂದು ಗಿಡದ ಎದುರು ಕೂತೆ. ಅತ್ತೆ ಆಡಿದ್ದ "ತೊನ್ನು" ಎಂಬ ಮಾತು ನಾಲ್ಕು ದಿನದಿಂದ ತಲೆಯಲ್ಲಿತ್ತು. ಎಲೆಯ ಬಿಳುಪು, ಅತ್ತೆಯ ಬಿಳುಪು ಎಂದು ಹೋಲಿಸುವುದು ಸುಲಭ. ಆದರೆ ನೋಡುತ್ತಾ ಕೂತಂತೆ ಆ ಹೋಲಿಕೆ ಸುಳ್ಳು ಅನಿಸಿತು.

ಎಲೆಯಲ್ಲಿ ಬಿಳುಪು ನಿಜವಾದ ಕೊರತೆ. ಹಸಿರು ಇಲ್ಲದ ಕೋಶ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಕಾಡಿನಲ್ಲಾದರೆ ಅಂಥ ಬಳ್ಳಿ ಹಿಂದೆ ಬೀಳುತ್ತದೆ, ಹಸಿರು ಕುಡಿ ಅದನ್ನು ಹಿಂದಿಕ್ಕಿ ಮರ ಹತ್ತುತ್ತದೆ. ತೊನ್ನಿನ ಚರ್ಮದಲ್ಲಿ ಹಾಗೇನೂ ಇಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಬಣ್ಣ ಮಾಡುವ ಕೋಶಗಳನ್ನು ಕೊಲ್ಲುತ್ತದೆ, ಬಣ್ಣ ಹೋಗುತ್ತದೆ. ಅದು ಅಂಟುವುದಿಲ್ಲ. ಬಿಳಿ ಕುಷ್ಠ ಎಂದು ಕರೆದರೂ ಕುಷ್ಠಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಬಿಸಿಲಿಗೆ ಬೇಗ ಸುಡುತ್ತದೆ ಎಂಬುದು ಬಿಟ್ಟರೆ ಆ ಚರ್ಮ ಚರ್ಮದ ಎಲ್ಲ ಕೆಲಸವನ್ನೂ ಮಾಡುತ್ತದೆ. ಆ ಕೈಗಳು ಐವತ್ತು ವರ್ಷ ಮೆಣಸು ಕೊಯ್ದಿವೆ, ಹಾಲು ಕರೆದಿವೆ, ನನ್ನ ಮದುವೆಗೆ ಕಾರಣವಾದ ಕೇಸರಿಬಾತು ತಿರುವಿವೆ. ಹಾಗೆ ನೋಡಿದರೆ ನಮ್ಮ ಮನೆಯ ಹಸಿರು ಎಲೆ ಅವಳೇ.

ನಿಜವಾದ ಕೊರತೆಗೆ ನಾನು 12,000 ಕೊಟ್ಟು ಕಿಟಕಿಯ ಬಳಿ ಎಲ್ಲರಿಗೂ ಕಾಣುವಂತೆ ಇಟ್ಟೆ. ಕೊರತೆಯೇ ಅಲ್ಲದ್ದಕ್ಕೆ ಕೊಟ್ಟಿಗೆ.

ಮರುದಿನ ಬೆಳಿಗ್ಗೆ ಕತ್ತರಿಸಿದೆವು. ಅತ್ತೆ ಕಪ್ಪು ಕನ್ನಡಕದಲ್ಲಿ, ಸಿನಿಮಾ ನಿರ್ದೇಶಕಿಯ ಹಾಗೆ ಕುರ್ಚಿಯಲ್ಲಿ ಕೂತಿದ್ದಳು. ಬಗ್ಗಬಾರದೆಂದು ವೈದ್ಯರು ಹೇಳಿದ್ದರಿಂದ ನಾನೇ ಕುಂಡವನ್ನು ಮೇಜಿನ ಮೇಲೆ ಎತ್ತಿಟ್ಟೆ. ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. "ಗೆಣ್ಣಿಗೆ ತಾಗಿಸಬೇಡ, ಒಂದು ಬೆರಳು ಮೇಲೆ. ಓರೆಯಾಗಿ." ಒಂದೇ ಏಟಿಗೆ ಬಿತ್ತು. ಮುಕ್ಕಾಲು ಬಿಳಿಯ ಒಂದು, ಪೂರ್ತಿ ಬಿಳಿಯ ಎರಡು, ಮೂರೂ ಒಟ್ಟಿಗೆ ಕೈಗೆ ಬಂದವು. ಕೊಯ್ದ ಬಾಯಿಗೆ ಅರಿಶಿನ ಹಚ್ಚಿದೆ. ಗಿಡದಲ್ಲಿ ಉಳಿದದ್ದು ಹಳದಿಯಾಗುತ್ತಿದ್ದ ತಾಯಿ ಎಲೆ, ಸುಣ್ಣ ಚಿಮುಕಿಸಿದ ಎಲೆ, ಅರ್ಧ ಬಿಳಿಯ ಒಂದು ಎಲೆ. ಹದಿನೆಂಟು ತಿಂಗಳ ಹಿಂದಕ್ಕೆ ಹೋಗಿ ನಿಂತಂತಿತ್ತು.

ಪಾಚಿ ಕೋಲಿಗೆ ನಾನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದೆ. ಅತ್ತೆ ಅದನ್ನು ಬಿಚ್ಚಿಸಿ, ತನ್ನ ಚೀಲದಲ್ಲಿ ಏತಕ್ಕೋ ಇಟ್ಟುಕೊಂಡಿದ್ದ ಬಾಳೆನಾರು ಕೊಟ್ಟಳು. "ಬಿಗಿ ಬೇಡ. ಬೇರು ತಾನೇ ಹಿಡ್ಕೊಳ್ಳುವ ತನಕ ಒಂದು ಆಸರೆ, ಅಷ್ಟೇ." ಮಾನ್‌ಸ್ಟೆರಾದ ಒಂದು ಕಾಡು ಜಾತಿಯ ಬಗ್ಗೆ ನಾನು ಓದಿದ್ದನ್ನು ಅವಳಿಗೆ ಹೇಳಿದೆ. ಬೀಜದಿಂದ ಮೊಳೆತ ಅದರ ಕುಡಿ ಬೆಳಕಿನ ಕಡೆಗಲ್ಲ, ಕತ್ತಲೆಯ ಕಡೆಗೆ ತೆವಳುತ್ತದೆ. ಕಾಡಿನಲ್ಲಿ ಅತಿ ಕತ್ತಲೆ ಇರುವಲ್ಲಿ ದಪ್ಪ ಮರದ ಬುಡ ಇರುತ್ತದೆ, ಅದನ್ನು ಹಿಡಿದ ಮೇಲೆ ಬೆಳಕಿಗೆ ಏರುತ್ತದೆ. ಸ್ಟ್ರಾಂಗ್ ಮತ್ತು ರೇ ಎಂಬ ಇಬ್ಬರು ವಿಜ್ಞಾನಿಗಳು 1975ರಲ್ಲಿ ಇದನ್ನು ಬರೆದಿದ್ದಾರೆ. ಅತ್ತೆ ಕೇಳಿಸಿಕೊಂಡು, "ಅದಕ್ಕೆ ಮರ ಇದೆ ಅಂತ ಗೊತ್ತಿರ್ತದಲ್ಲ," ಎಂದಳು. 1975 ಅವಳ ತುಟಿಯ ಬದಿಯಲ್ಲಿ ಆ ಹೆಸರುಕಾಳು ಮೂಡಿದ ವರ್ಷ ಎಂದು ನನಗೆ ಆಮೇಲೆ ಹೊಳೆಯಿತು.

ಕತ್ತರಿಸಿದ ಬಿಳಿ ಎಲೆಗಳನ್ನು ನೀರಿನ ಲೋಟದಲ್ಲಿ ಊಟದ ಮೇಜಿನ ಮೇಲೆ ಇಟ್ಟೆ. ಅಡುಗೆ ಮಾಡುವವರಿಲ್ಲದ ಆ ಎಲೆಗಳು ಹೆಚ್ಚು ದಿನ ಬದುಕುವುದಿಲ್ಲ ಎಂದು ಗೊತ್ತಿತ್ತು. ಮೂರು ವಾರ ಇದ್ದವು. ಚೆಂದವಾಗಿಯೇ ಇದ್ದವು.

ಊರಿಗೆ ಹೊರಡುವಾಗ ಅತ್ತೆ, "ಪಕ್ಕದ ಮನೆಯ ಹಸಿರಿಂದ ಎರಡು ಗೆಣ್ಣು ಕೇಳಿ ಕೊಡು," ಎಂದಳು. ನನ್ನ ಗಿಡದಿಂದ ಒಂದು ಗೆಣ್ಣು ಕೊಡುತ್ತೇನೆ ಎಂದರೆ ಬೇಡವೆಂದಳು. "ನನಗೆ ಬಿಳಿ ನೋಡ್ಬೇಕಾದ್ರೆ ಕೈ ಇದ್ಯಲ್ಲ." ಆ ಹಸಿರು ಕುಡಿ ಈಗ ನಮ್ಮ ತೋಟದ ಅಂಚಿನ ಹಲಸಿನ ಮರವನ್ನು ಹತ್ತುತ್ತಿದೆ. ಮಳೆಗಾಲದಲ್ಲಿ ಎಲೆ ಮೊರದಷ್ಟಾಗಿದೆಯಂತೆ.

ನನ್ನ ಕುಂಡದಲ್ಲಿ ಹೊಸ ಕುಡಿ ಬಂದದ್ದು ಐದು ವಾರದ ನಂತರ, ಏಪ್ರಿಲಿನ ಮೊದಲ ಮಳೆಯ ಹೊತ್ತಿಗೆ. ತಾಯಿ ಎಲೆ ಅಷ್ಟರಲ್ಲಿ ಉದುರಿತ್ತು. ಹೊಸದು ಹಸಿರು ಹೆಚ್ಚು, ಬಿಳಿ ಕಡಿಮೆ. ಆಮೇಲಿನದು ಬಿಳಿ ಸ್ವಲ್ಪ ಹೆಚ್ಚು. ಈಗ ಎಷ್ಟು ಬಂದರೆ ಅಷ್ಟು ಎಂದು ಬಿಟ್ಟಿದ್ದೇನೆ. ಪೂರ್ತಿ ಬಿಳಿಯದು ಒಂದರ ಹಿಂದೊಂದು ಬಂದರೆ ಮಾತ್ರ ಚಾಕು ತೆಗೆಯುತ್ತೇನೆ. ಮಾರುಕಟ್ಟೆಯಲ್ಲಿ ಆಲ್ಬೋ ಬೆಲೆ ಬಹಳ ಇಳಿದಿದೆ. ನುಂಗಿಕೊಂಡಿದ್ದ ಸೊನ್ನೆಯನ್ನು ನನ್ನ ಗಂಡನಿಗೂ ಹೇಳಿಯಾಗಿದೆ.

ರಾತ್ರಿ ಒಂಬತ್ತರ ಹೊತ್ತಿಗೆ ಊರಿಗೆ ಫೋನು ಮಾಡುತ್ತೇನೆ. ಅಲ್ಲಿ ಸಿಗ್ನಲ್ ಸಿಗುವುದು ಜಗಲಿಯಲ್ಲಿ ಮಾತ್ರ. ಅತ್ತೆ ಜಗಲಿಗೆ ಬಂದು ಕೂತು ಮಾತಾಡುತ್ತಾಳೆ. ಮೊದಲು ನಾನು ಊಟ ಆಯ್ತಾ ಎಂದು ಕೇಳುತ್ತೇನೆ. ಅವಳಿಗೆ ಅದು ಯಾಕೆಂದು ಗೊತ್ತು, ನನಗೂ ಗೊತ್ತು. "ಆಯ್ತು," ಎನ್ನುತ್ತಾಳೆ. ಒಂದೊಂದು ದಿನ, "ಇಲ್ಲ, ಇನ್ನೂ ಆಗ್ಬೇಕು, ಹಸಿವೇ ಇಲ್ಲ," ಎನ್ನುತ್ತಾಳೆ. ಆಗ ನಾನು ಫೋನು ಇಡದೆ, ಅವಳು ತಟ್ಟೆ ತಂದು ಜಗಲಿಯಲ್ಲಿ ಕೂರುವವರೆಗೆ ಮಾತಾಡುತ್ತಲೇ ಇರುತ್ತೇನೆ.